ಜ್ವರದ ಮಾತ್ರೆಯ ಲೆಕ್ಕ

ಮಾನ್ಯರೇ,

ಮಳೆ ಹಿಡಿದರೆ ಸಾಕು, ಮಂಡ್ಯದ ಮೆಡಿಕಲ್ ಸ್ಟೋರ್‌ಗಳಲ್ಲಿ 'ಜ್ವರ, ನೆಗಡಿ, ಏನಾದ್ರೂ ಕೊಡಿ' ಎನ್ನುವವರೇ ಹೆಚ್ಚು. ಜ್ವರಕ್ಕೆ ಪ್ಯಾರಾಸಿಟಮಾಲ್ 650 ಮಿ.ಗ್ರಾಂ, ನೆಗಡಿಗೆ ಇನ್ನೊಂದು ಮಾತ್ರೆ. ನೆಗಡಿಯ ಎಷ್ಟೋ ಮಾತ್ರೆಗಳಲ್ಲಿ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ. ಎರಡನ್ನೂ ನಾಲ್ಕು ಹೊತ್ತು ನುಂಗಿದರೆ 4,600 ಮಿ.ಗ್ರಾಂ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4,000 ದಾಟಬಾರದು. ಮದ್ಯದ ಅಭ್ಯಾಸವಿದ್ದವರಿಗೆ, ತೀರಾ ತೂಕ ಕಡಿಮೆಯಿದ್ದವರಿಗೆ ಮಿತಿ ಇನ್ನೂ ಕಡಿಮೆ. ಲಿವರ್‌ಗೆ ಆಗುವ ಹಾನಿ ಮೊದಲ ದಿನ ಗೊತ್ತೇ ಆಗುವುದಿಲ್ಲ, ಅದೇ ಅಪಾಯ. ಸ್ಟ್ರಿಪ್ ಹಿಂಬದಿಯ ಸಣ್ಣ ಅಕ್ಷರ ಓದಲಾಗದಿದ್ದರೆ ಅಂಗಡಿಯವರಿಂದಲೇ ಓದಿಸಿಕೊಳ್ಳಿ.

ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪಿನಲ್ಲಿ ತಪ್ಪು ಇನ್ನೂ ಸುಲಭ. 5 ಮಿ.ಲೀ.ಗೆ 125 ಮಿ.ಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಒಂದು ಸಲಕ್ಕೆ ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕದಲ್ಲಿ 10 ಕೆ.ಜಿ. ಮಗುವಿಗೆ ಮೊದಲನೆಯದು 6 ಮಿ.ಲೀ., ಎರಡನೆಯದು 3 ಮಿ.ಲೀ. ಮಾತ್ರ. ಅಡುಗೆಮನೆಯ ಚಮಚ ಬೇಡ, ಅಳತೆಯ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರವಿದ್ದರೆ ನೇರ ವೈದ್ಯರ ಬಳಿಗೆ.

ಡೆಂಗ್ಯೂ ಶಂಕೆಯಿದ್ದಾಗ ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವ ಹೆಚ್ಚಬಹುದು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳಿ ಮುಂದುವರಿಯಲಿ.

– ಇಬ್ಬರು ಫಾರ್ಮಸಿಸ್ಟರು, ಮಂಡ್ಯ