ಕಂಡಕ್ಟರ್ ಸಾಹೇಬರಿಗೆ, ಆಟಿಯ ಮಳೆಯಿಂದ

ಪ್ರೀತಿಯ ಕಂಡಕ್ಟರ್ ಸಾಹೇಬರೇ,

ಈ ಬಿರುದನ್ನು ನಾಲ್ಕು ಜನರೆದುರು ಬಳಸಬಾರದೆಂದು ನೀನು ಎಚ್ಚರಿಸಿದ್ದು ನೆನಪಿದೆ. ಹೆದರಬೇಡ, ಹಲಸಿನ ಹಣ್ಣಿನ ಪ್ರಕರಣವನ್ನು ನಾನಿಲ್ಲಿ ಎತ್ತುವುದಿಲ್ಲ. ಮಂಗಳೂರಿನಲ್ಲಿ ಆಟಿ, ಅಂದರೆ ತುಳುವರ ಮಳೆಯ ತಿಂಗಳು, ನಡೆಯುತ್ತಿದೆ. ಹಗ್ಗದ ಮೇಲಿನ ಬಟ್ಟೆ ನಾಲ್ಕು ದಿನವಾದರೂ ಒಣಗಿಲ್ಲ, ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗಿದೆ, ಮತ್ತು ನೀನು ಹಿಂದೊಮ್ಮೆ ‘ಇದು ಅಜ್ಜಂದಿರ ಸಂಗೀತ ಮಾರಾಯ’ ಎಂದು ನನ್ನ ಇಯರ್‌ಫೋನನ್ನು ಹಿಂದಿರುಗಿಸಿದ್ದೆಯಲ್ಲ, ಆ ಆಲ್ಬಮನ್ನು ನಾನು ಮತ್ತೆ ಹಿಡಿದು ಕುಳಿತಿದ್ದೇನೆ.

2019ರ ಏಪ್ರಿಲ್‌ನಲ್ಲಿ ಬಂದ ‘ಟೈಟಾನಿಕ್ ರೈಸಿಂಗ್’ ಅದು. ಹಾಡಿದಾಕೆ ಅಮೆರಿಕದ ನಟಾಲಿ ಮೆರಿಂಗ್. ವೈಸ್ ಬ್ಲಡ್ ಎನ್ನುವುದು ಆಕೆ ಹಾಡುಗಳಿಗಾಗಿ ಇಟ್ಟುಕೊಂಡಿರುವ ಹೆಸರು. ನೀನು ಅಜ್ಜಂದಿರ ಸಂಗೀತ ಎಂದದ್ದು ಪೂರ್ತಿ ತಪ್ಪಲ್ಲ. 1988ರಲ್ಲಿ ಹುಟ್ಟಿದ ಈಕೆಯ ಹಾಡುಗಳು 1970ರ ದಶಕದ ಯಾವುದೋ ರೇಡಿಯೊದಿಂದ ಹೊರಟು ದಾರಿಯಲ್ಲಿ ತಡವಾಗಿ ನಮ್ಮಲ್ಲಿಗೆ ತಲುಪಿದಂತಿವೆ. ಆ ದಶಕದ ಅಮೆರಿಕನ್ ಗಾಯಕಿ ಕ್ಯಾರೆನ್ ಕಾರ್ಪೆಂಟರ್‌ರನ್ನು ನೆನಪಿಸುವ ತಗ್ಗಿದ, ದುಂಡನೆಯ ಸ್ವರ. ಹಿಂದೆ ಪಿಟೀಲುಗಳ ದಂಡು. ಯಾವ ಆತುರವೂ ಇಲ್ಲದ ಪಿಯಾನೊ. ಆದರೆ ಹಳೆಯ ಕಪಾಟಿಗೆ ಪಾಲಿಶ್ ಹಚ್ಚಿ ಮಾರುವ ಕೆಲಸ ಇದಲ್ಲ. ‘ಮೂವೀಸ್’ ಎಂಬ ಹಾಡನ್ನೇ ತೆಗೆದುಕೋ. ಅದರ ಮೊದಲ ಭಾಗದಲ್ಲಿ ಸಿಂಥಸೈಜರ್ ನೀರಿನಡಿಯ ಬೆಳಕಿನಂತೆ ಒಂದೇ ಸಮನೆ ಸುತ್ತುತ್ತಿರುತ್ತದೆ, ಆಮೇಲೆ ಪಿಟೀಲುಗಳು ಅಲೆಯಂತೆ ನುಗ್ಗುತ್ತವೆ. ಪ್ರೀತಿಯ ಬಗ್ಗೆ ಸಿನಿಮಾ ಹೇಳಿಕೊಟ್ಟದ್ದೆಲ್ಲ ಸುಳ್ಳೆಂದು ಗೊತ್ತಿದ್ದೂ ಆ ಸುಳ್ಳಿನೊಳಗೇ ಇರಬೇಕೆಂದು ಬಯಸುವ ಹಾಡು ಅದು. ಜ್ಯೋತಿ ಟಾಕೀಸಿನಿಂದ ಹಂಪನಕಟ್ಟೆಯವರೆಗೆ ನಾಯಕನ ನಡಿಗೆಯಲ್ಲಿ ನಡೆದು ಬಂದಿದ್ದ ಒಬ್ಬ ವ್ಯಕ್ತಿಗೆ ಇದು ಅರ್ಥವಾಗಬೇಕು.

ಇಲ್ಲೊಂದು ನಗೆಪಾಟಲಿನ ಸಂಗತಿಯೂ ಇದೆ. ಆಕೆ ನೆನಪಿಸುವ ಆ ಎಪ್ಪತ್ತರ ದಶಕದಲ್ಲಿ ನಮ್ಮ ಮನೆಗೆ ಬಂದ ಸಂಗೀತವೆಂದರೆ, 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಅಜ್ಜ ಕೊಂಡ ರೇಡಿಯೊ ಒಂದೇ. ನಾನಾದರೋ ಆಗ ಹುಟ್ಟಿಯೂ ಇರಲಿಲ್ಲ. ಆದರೂ ಈ ಹಾಡುಗಳನ್ನು ಕೇಳುವಾಗ ಕ್ಯಾಲಿಫೋರ್ನಿಯಾದ ಹೆದ್ದಾರಿಗಳನ್ನೆಲ್ಲ ಕಳೆದುಕೊಂಡು ಬಂದವನಂತೆ ಹನಿಗಣ್ಣಾಗುತ್ತೇನೆ. ಅಜ್ಜನ ಆ ರೇಡಿಯೊವನ್ನು ಗುಜರಿಯವನಿಗೆ ಕೊಟ್ಟವನೂ ನಾನೇ.

ಆಲ್ಬಮಿನ ಹೊದಿಕೆಯ ಚಿತ್ರವನ್ನು ನೀನು ಸರಿಯಾಗಿ ನೋಡಿರಲಾರೆ. ಒಂದು ಮಲಗುವ ಕೋಣೆ. ಮಂಚವಿದೆ, ಗೋಡೆಯ ಮೇಲೆ ಪೋಸ್ಟರ್‌ಗಳಿವೆ, ಇಡೀ ಕೋಣೆ ನೀರಿನಲ್ಲಿ ಮುಳುಗಿದೆ, ನಡುವೆ ಆಕೆ ತೇಲುತ್ತಿದ್ದಾಳೆ. ಕಂಪ್ಯೂಟರಿನ ಕರಾಮತ್ತಲ್ಲ, ನಿಜವಾಗಿಯೂ ನೀರಿನೊಳಗೆ ಕೋಣೆ ಕಟ್ಟಿ ತೆಗೆದ ಫೋಟೊ. 1912ರಲ್ಲಿ ಹಡಗನ್ನು ಮುಳುಗಿಸಿದ್ದು ಮಂಜುಗಡ್ಡೆ, ಈಗ ಆ ಮಂಜುಗಡ್ಡೆಯನ್ನೇ ನಾವು ಕರಗಿಸುತ್ತಿದ್ದೇವೆ ಎಂಬ ವ್ಯಂಗ್ಯ ಹೆಸರಿನಲ್ಲಿದೆ. ಕಳೆದ ಭಾನುವಾರ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಉಳ್ಳಾಲದ ಸಿಟಿ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು (ಮೂರನೇ ಸೀಟು, ಸಿದ್ಧಾಂತ ಸಿದ್ಧಾಂತವೇ) ಮೊದಲ ಹಾಡಿನಿಂದ ಕೇಳುತ್ತಾ ಹೋದೆ. ನೇತ್ರಾವತಿಯ ಸೇತುವೆ ದಾಟುವಾಗ ನದಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಉಚ್ಚಿಲದ ಕಡೆ ಕಡಲ್ಕೊರೆತಕ್ಕೆ ಒಂದು ಬದಿಯ ಗೋಡೆ ಕಳೆದುಕೊಂಡ ಮನೆಯೊಂದನ್ನು ಕಂಡೆ. ಒಳಕೋಣೆಯ ತಿಳಿನೀಲಿ ಬಣ್ಣ, ಕ್ಯಾಲೆಂಡರ್ ತೂಗುಹಾಕುತ್ತಿದ್ದ ಮೊಳೆ, ಎಲ್ಲವೂ ರಸ್ತೆಗೇ ಕಾಣುತ್ತಿತ್ತು. ಫೋಟೊ ತೆಗೆಯಲು ಮೊಬೈಲ್ ಎತ್ತಿದವನು, ಅಂಗಳದಲ್ಲಿದ್ದ ಹೆಂಗಸು ನನ್ನನ್ನು ನೋಡಿದ್ದರಿಂದ ಇಳಿಸಿದೆ. ಆಲ್ಬಮಿನ ಹೊದಿಕೆಯಂತೆಯೇ ಇದೆಯಲ್ಲ ಎಂದು ಆ ಕ್ಷಣ ನನಗೆ ಖುಷಿಯಾಗಿತ್ತು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ.

ಒಂಬತ್ತನೆಯ ಹಾಡು ‘ಪಿಕ್ಚರ್ ಮಿ ಬೆಟರ್’. ಜೋಗುಳದಂಥ ಧಾಟಿ, ಮೆಲ್ಲನೆಯ ಗಿಟಾರ್. ದೂರವಾದ ಪ್ರೇಮಿಗೆ ಬರೆದದ್ದೆಂದು ತಿಳಿದು, ಮಳೆಗಾಲದ ರಾತ್ರಿಗಳಲ್ಲಿ ದೀಪ ಆರಿಸಿ ಅದನ್ನು ಕೇಳುವುದನ್ನು ನಾನು ಇಷ್ಟು ವರ್ಷ ವ್ರತದಂತೆ ಪಾಲಿಸಿಕೊಂಡು ಬಂದಿದ್ದೆ. ಆಲ್ಬಮ್ ತಯಾರಾಗುತ್ತಿದ್ದ ದಿನಗಳಲ್ಲಿ ಆತ್ಮಹತ್ಯೆ ಮಾಡಿಕೊಂಡ ಸ್ನೇಹಿತರೊಬ್ಬರಿಗಾಗಿ ಮೆರಿಂಗ್ ಅದನ್ನು ಬರೆದದ್ದೆಂಬುದು ಕಳೆದ ವಾರ ಓದಿದ ಮೇಲಷ್ಟೇ ತಿಳಿಯಿತು. ಆ ರಾತ್ರಿ ಹಾಡನ್ನು ಹಾಕಿದವನು ಅರ್ಧಕ್ಕೇ ನಿಲ್ಲಿಸಿದೆ.

ಯಾಕೆಂದರೆ ನನಗೆ ನೆನಪಾದದ್ದು ನಿನ್ನ ಅಪ್ಪ ತೀರಿಹೋದ ವರ್ಷದ ಆಟಿ. ರಾತ್ರಿ ಹನ್ನೊಂದೂವರೆಗೆ ನಿನ್ನ ಕರೆ ಬಂತು, ಹತ್ತು ನಿಮಿಷ ಬಿಟ್ಟು ಇನ್ನೊಂದು, ಆಮೇಲೆ ಮೂರನೆಯದು. ಬೇಗ ನಿದ್ದೆ ಹತ್ತಿತ್ತು ಎಂದು ಮರುದಿನ ನಾನು ಹೇಳಿದೆ. ನಿದ್ದೆ ಹತ್ತಿರಲಿಲ್ಲ. ನಾನು ಇದೇ ಹಾಡನ್ನು ಕೇಳುತ್ತಿದ್ದೆ, ನಿನ್ನ ಕರೆ ಬಂದಾಗಲೆಲ್ಲ ಅದು ತುಂಡಾಗುತ್ತಿತ್ತು; ಮೊಬೈಲನ್ನು ಬೋರಲು ಮಲಗಿಸಿ, ಕರೆ ತಾನಾಗಿ ಕಡಿಯುವವರೆಗೆ ಕಾದು, ಹಾಡನ್ನು ಮೊದಲಿನಿಂದ ಹಾಕಿದೆ. ಆ ಹಾಡಿನೊಳಗಿನ ದುಃಖ ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ. ನಿನ್ನ ದುಃಖಕ್ಕೆ ಪಿಟೀಲು ಇರಲಿಲ್ಲ ಮಾರಾಯ. ಅದು ತಡವರಿಸುತ್ತಿತ್ತು, ಮೂಗು ಸೀಟುತ್ತಿತ್ತು, ಆಸ್ಪತ್ರೆಯ ಬಿಲ್ಲಿನ ಲೆಕ್ಕವನ್ನು ಮತ್ತೆ ಮತ್ತೆ ಒಪ್ಪಿಸುತ್ತಿತ್ತು, ನಾನು ಏನಾದರೂ ಹೇಳುವೆನೆಂದು ಕಾಯುತ್ತಿತ್ತು. ‘ಇರಲಿ ಬಿಡು, ಸುಮ್ಮನೆ ಮಾಡಿದ್ದು’ ಎಂದು ನೀನು ಅಂದೆ. ಯಾರೂ ಮೂರು ಸಲ ಸುಮ್ಮನೆ ಫೋನ್ ಮಾಡುವುದಿಲ್ಲವೆಂಬುದು ನನಗೆ ಆಗಲೂ ಗೊತ್ತಿತ್ತು.

ಇದನ್ನು ನಿನಗೊಬ್ಬನಿಗೇ ಕಳುಹಿಸಬಹುದಿತ್ತು. ನಾಲ್ಕು ಜನರೆದುರು ಹೇಳಿದರೆ ನೀನು ದೊಡ್ಡ ಮನಸ್ಸು ಮಾಡಲೇಬೇಕಾಗುತ್ತದೆ ಎಂಬ ಲೆಕ್ಕಾಚಾರ ನನ್ನೊಳಗೆ ಇಲ್ಲವೆಂದರೆ ಅದು ಎರಡನೆಯ ಸುಳ್ಳಾಗುತ್ತದೆ. ಕೆಳಗೆ ಯಾರಾದರೂ ‘ಮನಮುಟ್ಟಿತು’ ಎಂದು ಬರೆದರೆ ನಾನು ಹಿಗ್ಗುತ್ತೇನೆ ಎಂಬುದೂ ನಿನಗೆ ಗೊತ್ತು. ಹತ್ತನೆಯ ತರಗತಿಯ ಪ್ರಬಂಧ ಸ್ಪರ್ಧೆಯ ಸ್ಟೀಲ್ ಲೋಟವನ್ನು ಈಗಲೂ ಇಟ್ಟುಕೊಂಡಿರುವವನು ನಾನು.

ಇಷ್ಟು ಬರೆಯುವ ಉದ್ದೇಶವಿರಲಿಲ್ಲ, ಆಲ್ಬಮಿನ ಕುರಿತು ನಾಲ್ಕು ಸಾಲು ಬರೆದು ನಿನ್ನ ರುಚಿಯನ್ನು ಗೇಲಿ ಮಾಡಿ ಮುಗಿಸಬೇಕೆಂದಿದ್ದೆ. ಕೊನೆಯದಾದ ‘ನಿಯರರ್ ಟು ದೀ’ಯಲ್ಲಿ ಮಾತೇ ಇಲ್ಲ, ಒಂದು ನಿಮಿಷದಷ್ಟು ಪಿಟೀಲು ಮಾತ್ರ, ಹಡಗು ಮುಳುಗುವಾಗ ವಾದ್ಯದವರು ನುಡಿಸಿದರೆಂಬ ಪ್ರತೀತಿಯಿರುವ ಪ್ರಾರ್ಥನಾಗೀತೆಯ ನೆನಪು ಆ ಹೆಸರಿನಲ್ಲಿದೆ. ಅಷ್ಟು ಗಂಭೀರವಾಗಿ ಮುಳುಗುವ ಯೋಗ್ಯತೆ ನನಗಿಲ್ಲ. ಚೌತಿಗೆ ಊರಿಗೆ ಬರುತ್ತೀಯಲ್ಲ, ಗಡ್‌ಬಡ್ ಐಸ್‌ಕ್ರೀಮ್ ನನ್ನ ಲೆಕ್ಕದಲ್ಲಿ. ಎರಡು ತಿಂದರೂ ಸರಿ, ಮೇಲಿನ ಚೆರ್ರಿಯನ್ನು ಈ ಸಲ ನಾನು ಕದಿಯುವುದಿಲ್ಲ. ಅದಕ್ಕಿಂತ ಮೊದಲು ರಾತ್ರಿ ಯಾವಾಗಲಾದರೂ ಫೋನ್ ಮಾಡು. ರಿಂಗ್‌ಟೋನಿಗೆ ಏನು ಹಾಕಿದ್ದೇನೆಂದು ಕೇಳಬೇಡ, ನಿನಗೆ ಇಷ್ಟವಾಗಲಾರದು.

ರೈಟ್, ಪೋಯಿ.

ನಿನ್ನ,
ಚಿಲ್ಲರೆ ಬಾಕಿಯವನು