ಕೊನೆಯ ಗುಂಡಿ ಅವನಿಗೆ ಬಿಡು

ಧಾರವಾಡ

ಚಿ. ಸೌ. ಮಗಳಿಗೆ ದೊಡ್ಡವ್ವ ಮಾಡುವ ಆಶೀರ್ವಾದ.

'ಪುಟ್ಟಗ ಆರು ವರ್ಷ ಆತು ದೊಡ್ಡವ್ವಾ, ಇನ್ನೂ ಅಂಗಿ ಗುಂಡಿ ಹಾಕ್ಕೊಳ್ಳಾಕ ಬರೂದಿಲ್ಲ' ಅಂತ ನಿನ್ನೆ ಫೋನಿನಲ್ಲಿ ಕಣ್ಣೀರು ಹಾಕಿದೆ. ಹಾವೇರಿಯಲ್ಲಾಗಲಿ ಎಲ್ಲೇ ಆಗಲಿ, ಬಾಗಿಲಲ್ಲಿ ಶಾಲೆಯ ವ್ಯಾನು ಹಾರ್ನ್ ಹೊಡೆಯುವಾಗ ಯಾರ ಕೈಗೂ ಗುಂಡಿ ಸಿಗುವುದಿಲ್ಲ ಬಿಡು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಾಗದವನ್ನು ನೀನು ಅರ್ಧಕ್ಕೆ ಕಟ್ ಮಾಡುವ ಹಾಗಿಲ್ಲ, ಅಲ್ವಾ?

ಮೊದಲು ನನ್ನ ತಪ್ಪು ಕೇಳು. ಮನೆಯಲ್ಲಿ ಕಸೂತಿ ಹೇಳಿಕೊಡಲು ಶುರು ಮಾಡಿದ ಹೊಸತರಲ್ಲಿ ಒಬ್ಬ ಹುಡುಗಿ ಬರುತ್ತಿದ್ದಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಹಾಕುವುದಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ಒಂದು ಎಳೆ ತಪ್ಪಿದರೂ ನಾನು ಇಡೀ ಸಾಲು ಬಿಚ್ಚಿಸುತ್ತಿದ್ದೆ. ಸರಿ ಬಂದ ಸಾಲಿಗೆ ತುಟಿ ಬಿಚ್ಚುತ್ತಿರಲಿಲ್ಲ. ಮೂರನೇ ವಾರ ಅವಳು ಬರಲೇ ಇಲ್ಲ. ಅವಳಿಗೆ ನಾನು ಕಲಿಸಿದ್ದು ಸೂಜಿಯ ಭಯ ಅಷ್ಟೇ.

ಆಮೇಲೆ ಬಂದವರಿಗೆ ಗೋಪುರ, ತೇರಿನಂಥ ದೊಡ್ಡ ಚಿತ್ತಾರ ಏನೂ ತೋರಿಸಲಿಲ್ಲ. ಒಂದು ಸಣ್ಣ ಚೌಕ ಕೊಟ್ಟೆ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತೇವೆ, ಬರುವಾಗ ಬಿಟ್ಟ ಜಾಗ ತುಂಬುತ್ತೇವೆ. ಹೋಗುವ ಸಾಲು ನಾನು ಹಾಕಿಕೊಡುತ್ತಿದ್ದೆ, ಬರುವ ಸಾಲು ಅವರದು. ಚೌಕ ಪೂರ್ತಿ ಆಗುತ್ತಿದ್ದದ್ದು ಅವರ ಕೈಯಲ್ಲಿ. ಆಗ ಆ ಮುಖ ನೋಡಬೇಕಿತ್ತು ನೀನು.

ಪುಟ್ಟನಿಗೂ ಹಾಗೇ ಮಾಡು. ಐದು ಗುಂಡಿಯಲ್ಲಿ ನಾಲ್ಕು ನೀನೇ ಹಾಕು. ಕೊನೆಯದನ್ನು ಕಾಜಾದಲ್ಲಿ ಅರ್ಧ ತೂರಿಸಿ ಬಿಡು, ಅವನು ಎಳೆದರೆ ಸಾಕು. ಎಳೆದ ಕೂಡಲೇ 'ಗುಂಡಿ ನೀನೇ ಹಾಕಿದೆ ನೋಡು' ಅನ್ನು. ಸಂಜೆ ಅಪ್ಪನ ಮುಂದೆ ಹೊಗಳಿದರೆ ತಡವಾಯಿತು. ಸುಮ್ನೆ 'ಜಾಣ' ಅಂದರೆ ಯಾತಕ್ಕೆ ಅಂತ ಅವನಿಗೆ ತಿಳಿಯುವುದಿಲ್ಲ. ಅದು ಸಲೀಸಾದ ಮೇಲೆ ಆ ಗುಂಡಿ ಪೂರ್ತಿ ಅವನದು, ಆಮೇಲೆ ಕೊನೆಯ ಎರಡು. ಮೊದಲು ಅವನ ಕೈ ಹಿಡಿದು ಮಾಡಿಸು, ಆಮೇಲೆ ಮೊಣಕೈ ಮುಟ್ಟು, ಆಮೇಲೆ ಬರೀ ಬೊಟ್ಟು ತೋರಿಸು. ಕೈ ಬಿಡುವುದು ನಿನಗೇ ಕಷ್ಟ ಆಗುತ್ತದೆ, ಅವನಿಗಲ್ಲ. ಮತ್ತೆ ಇದೆಲ್ಲ ರವಿವಾರ ಮಾಡು, ವ್ಯಾನಿನ ಹೊತ್ತಿಗಲ್ಲ.

ಟಿಸಿಎಚ್ ಅಂತ ಶಿಕ್ಷಕರ ತರಬೇತಿ ಓದುವಾಗ ಸ್ಕಿನ್ನರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞನ ಹೆಸರು ಬಾಯಿಪಾಠ ಮಾಡಿದ್ದೆ. ಅರ್ಥ ಆದದ್ದು ಎಷ್ಟೋ ವರ್ಷದ ಮೇಲೆ. 1943ರಲ್ಲಿ ಒಂದು ಹಿಟ್ಟಿನ ಗಿರಣಿಯ ಮಾಳಿಗೆಯಲ್ಲಿ ಅವನೂ ಜೊತೆಗಾರರೂ ಪಾರಿವಾಳಕ್ಕೆ ಕೊಕ್ಕಿನಿಂದ ಮರದ ಚೆಂಡು ಹೊಡೆಯಲು ಕಲಿಸಹೊರಟರು. ಹೊಡೆದರೆ ಕಾಳು. ಹಕ್ಕಿ ಹೊಡೆಯಲೇ ಇಲ್ಲ. ಕಾದು ಸಾಕಾಗಿ, ಚೆಂಡಿನ ಕಡೆ ನೋಡಿದರೂ ಕಾಳು ಹಾಕಿದರು. ಆಮೇಲೆ ಇನ್ನಷ್ಟು ಹತ್ತಿರದ್ದಕ್ಕೆ, ಇನ್ನಷ್ಟು ಹತ್ತಿರದ್ದಕ್ಕೆ. ಕೆಲವೇ ನಿಮಿಷದಲ್ಲಿ ಚೆಂಡು ಪೆಟ್ಟಿಗೆಯ ಗೋಡೆಗೆ ಬಡಿಯತೊಡಗಿತಂತೆ. ನೀನು ಹೊಡೆತಕ್ಕೆ ಕಾಯುತ್ತಿದ್ದೀಯ ಮಗಳೇ. ನೋಡಿದ್ದಕ್ಕೇ ಕಾಳು ಹಾಕು.

ಕಾಳು ಅಂದರೆ ಲೈನ್ ಬಜಾರಿನ ಪೇಡೆಯೇ ಆಗಲಿ, ಆದರೆ ಇಡೀ ಪೇಡೆ ಅಲ್ಲ, ಕಡಲೆಕಾಳಿನಷ್ಟು ಚೂರು. ಹೊಟ್ಟೆ ತುಂಬಿದವನಿಗೆ ಗುಂಡಿ ಯಾಕೆ ಬೇಕು? ಮೊದಮೊದಲು ಪ್ರತಿ ಸಲ ಕೊಡು, ಕೈ ಕುದುರಿದ ಮೇಲೆ ಆಗೊಮ್ಮೆ ಈಗೊಮ್ಮೆ. ಹಾಗೆ ಅಪರೂಪಕ್ಕೆ ಸಿಕ್ಕಿದರೂ ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆ.

ಮೊಬೈಲಿನ ವಿಷಯದಲ್ಲಿ ನಿನಗೇ ಗೊತ್ತಿಲ್ಲದೆ ಇದನ್ನೇ ಮಾಡುತ್ತಿದ್ದೀಯ. ಒಂಬತ್ತು ಸಲ ಇಲ್ಲ ಅಂದು ಹತ್ತನೇ ಸಲ ಕೊಡುತ್ತೀಯ. ಹತ್ತು ಸಲ ಅಳಬೇಕು ಅಂತ ಅವನು ಚೆನ್ನಾಗಿ ಕಲಿತಿದ್ದಾನೆ. ಕೊಡಬಾರದು ಅಂತ ಮನಸ್ಸು ಗಟ್ಟಿ ಮಾಡಿದರೆ ಮೊದಲು ಅಳು ಜಾಸ್ತಿಯೇ ಆಗಬಹುದು. ಆಗ ಸೋತೆಯೋ, ಜೋರಾಗಿ ಅಳುವುದನ್ನು ನೀನೇ ಕಲಿಸಿದ ಹಾಗೆ.

ಚಿತ್ರ ಬಿಡಿಸುವುದಕ್ಕೆ ಮಾತ್ರ ಪೇಡೆ ಕೊಡಬೇಡ, ಅದು ಅವನಿಗೆ ತಾನಾಗಿಯೇ ಇಷ್ಟ. ಚಿತ್ರ ಬಿಡಿಸಿದರೆ ಬಹುಮಾನ ಅಂತ ಮೊದಲೇ ಹೇಳಿದ ಮಕ್ಕಳು ಆಮೇಲೆ ತಾವಾಗಿ ಬಿಡಿಸುವುದನ್ನು ಕಡಿಮೆ ಮಾಡಿದರು ಅಂತ 1973ರಲ್ಲಿ ಅಮೆರಿಕದಲ್ಲೇ ಪ್ರಯೋಗ ಮಾಡಿ ಕಂಡಿದ್ದಾರೆ.

ದೀಪಾವಳಿಗೆ ಬರುವಾಗ ಅವನಿಗೆ ಗುಂಡಿ ಇರುವ ಅಂಗಿಯನ್ನೇ ಹಾಕಿಸಿಕೊಂಡು ಬಾ. ನಮ್ಮ ಕಟ್ಟೆ ಹತ್ತುವ ತನಕ ಕೊನೆಯದೊಂದು ಬಿಟ್ಟಿರು. ಪೇಡೆ ನಾನು ತಂದಿಟ್ಟಿರುತ್ತೇನೆ. ನಿನಗೆ ಇಡೀದು ಒಂದು.

ನಿನ್ನ ದೊಡ್ಡವ್ವ