ಹೆಂಗಸರ ಸ್ವೆಟರ್ ಇರುವುದು ಚಳಿಗೋ, ಫೋಟೋಗೋ?

ಮಾನ್ಯ ಸಂಪಾದಕರೇ,

ನಮಸ್ಕಾರ. ಚಳಿಗಾಲ ಬಂತೆಂದರೆ ನಿಮ್ಮ ಪತ್ರಿಕೆಯ ಮಹಿಳಾ ಪುಟದಲ್ಲಿ ಬೆಚ್ಚನೆಯ ಬಟ್ಟೆಗಳ ಬಗ್ಗೆ ಒಂದು ಬರಹ ಬಂದೇ ಬರುತ್ತದೆ. ಈ ಸಲವೂ ಬಂತು. ಯಾವ ಬಣ್ಣ ಈಗ ನಡೆಯುತ್ತಿದೆ, ಯಾವ ಶಾಲಿಗೆ ಯಾವ ಓಲೆ ಒಪ್ಪುತ್ತದೆ, ದಪ್ಪ ಕಾಣದ ಹಾಗೆ ಸ್ವೆಟರ್ ಹಾಕಿಕೊಳ್ಳುವುದು ಹೇಗೆ ಅಂತೆಲ್ಲ ಇತ್ತು. ಪೂರ್ತಿ ಓದಿದೆ. ಇಡೀ ಬರಹದಲ್ಲಿ ‘ಉಣ್ಣೆ’ ಅನ್ನುವ ಪದ ಒಂದು ಸಲವೂ ಸಿಗಲಿಲ್ಲ. ಜೊತೆಗಿದ್ದ ಫೋಟೋದಲ್ಲಿ ಹುಡುಗಿ ಜಾಕೆಟಿನ ಝಿಪ್ ಪೂರ್ತಿ ಬಿಟ್ಟುಕೊಂಡು, ಕತ್ತಿಗೆ ಏನೂ ಸುತ್ತಿಕೊಳ್ಳದೆ ನಗುತ್ತ ನಿಂತಿದ್ದಳು. ಪಾಪ, ಫೋಟೋ ತೆಗೆದಾದ ಮೇಲೆ ಎಷ್ಟು ನಡುಗಿದಳೋ!

ಜಗಳ ಕಾಯಲು ಬರೆಯುತ್ತಿಲ್ಲ. ಚೆಂದ ಕಾಣಬೇಕು ಅನ್ನುವ ಆಸೆ ನನಗೂ ಇದೆ, ಯಾರಿಗಿಲ್ಲ? ಆದರೆ ಚಳಿಗೆ ಅಂತ ಕೊಂಡ ಬಟ್ಟೆ ಮೊದಲು ಚಳಿ ತಡೆಯಬೇಕಲ್ವಾ? ಹೆಂಗಸರಿಗೆ ಅಂತ ಹೊಲಿದ ಎಷ್ಟೋ ಸ್ವೆಟರು, ಜಾಕೆಟುಗಳು ಅದೊಂದನ್ನು ಬಿಟ್ಟು ಉಳಿದ ಎಲ್ಲ ಕೆಲಸ ಮಾಡುತ್ತವೆ. ಇದನ್ನು ಯಾರೂ ಹೇಳುತ್ತಿಲ್ಲ, ಅದಕ್ಕೇ ಈ ಪತ್ರ.

ಹೋದ ವರ್ಷ ನಾನೇ ಬೇಸ್ತು ಬಿದ್ದೆ. ಫೋನಿನಲ್ಲಿ ನೋಡಿ ಒಂದು ಸ್ವೆಟರ್ ತರಿಸಿದೆ. ಕೆನೆ ಬಣ್ಣ, ಮುಟ್ಟಿದರೆ ಬೆಕ್ಕಿನ ಮರಿ ಸವರಿದ ಹಾಗೆ. ಮೊದಲ ದಿನ ಬೆಳಿಗ್ಗೆ ಅದನ್ನು ಹಾಕಿಕೊಂಡು ಬಸ್ಸಿಗೆ ಕಾಯುತ್ತ ನಿಂತರೆ ಗಾಳಿ ಜರಡಿಯಲ್ಲಿ ಹಿಟ್ಟು ಇಳಿದ ಹಾಗೆ ನೇರ ಒಳಗೆ ಇಳಿಯಿತು. ಬಸ್ಸು ಹತ್ತಿ ಮೇಲಿನ ಕಂಬಿ ಹಿಡಿದೆ, ಸ್ವೆಟರ್ ಒಳಗಿನ ಟಾಪನ್ನೂ ಕರೆದುಕೊಂಡು ಸರ್ರನೆ ಮೇಲೆ ಹೋಯಿತು, ಸೊಂಟದ ಹತ್ತಿರ ನಾಲ್ಕು ಬೆರಳಗಲ ಬರೀ ಮೈ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸ್ವೆಟರ್ ಎಳೆದು ಹಿಡಿಯುವುದು, ಬ್ಯಾಗನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದೊಂದು ಬಾಕಿ. ಸಂಜೆ ಮನೆಗೆ ಬಂದು ಅದರ ಜೊತೆ ಬಂದಿದ್ದ ಚೀಟಿ ಹುಡುಕಿದೆ. ‘ಉಣ್ಣೆಯಂಥ ಮೃದು ಸ್ಪರ್ಶ’ ಅಂತ ದೊಡ್ಡ ಅಕ್ಷರದಲ್ಲಿತ್ತು. ಪಕ್ಕದ ಹೊಲಿಗೆಯಲ್ಲಿ ಒಳಗಡೆ ಸೇರಿಸಿದ್ದ ಪುಟ್ಟ ಲೇಬಲ್ಲಿನಲ್ಲಿ ನಿಜ ಇತ್ತು: ಅಕ್ರಿಲಿಕ್ 100 ಪರ್ಸೆಂಟ್, ಅಂದರೆ ಪೂರ್ತಿ ಕೃತಕ ನೂಲು. ಸುಳ್ಳು ಅಂತ ಹೇಳುವ ಹಾಗೂ ಇಲ್ಲ. ಉಣ್ಣೆಯಂಥ ಅಂದರೆ ಉಣ್ಣೆ ಅಲ್ಲ ಅಂತಲೇ ಅರ್ಥ, ನಾನೇ ತಿಳಿಯಬೇಕಿತ್ತು!

ಅವತ್ತು ಸಿಟ್ಟಿಗೆ ನಮ್ಮ ಯಜಮಾನರ ಹಳೇ ಜಾಕೆಟನ್ನೂ ನನ್ನ ಜಾಕೆಟನ್ನೂ ಮಂಚದ ಮೇಲೆ ಪಕ್ಕ ಪಕ್ಕ ಹಾಸಿ ನೋಡಿದೆ. ನೀವೂ ಒಂದು ಸಲ ಮಾಡಿ ನೋಡಿ, ಮಜಾ ಇರುತ್ತದೆ. ಅವರದರಲ್ಲಿ ಝಿಪ್ಪಿನ ಹಿಂದೆ ಉದ್ದಕ್ಕೂ ಒಂದು ಪಟ್ಟಿ ಇದೆ, ಝಿಪ್ಪಿನ ಹಲ್ಲುಗಳ ಸಂದಿಯಿಂದ ಗಾಳಿ ನುಗ್ಗದ ಹಾಗೆ. ತೋಳಿನ ತುದಿಯಲ್ಲಿ ಮಣಿಕಟ್ಟನ್ನು ಹಿಡಿಯುವ ಎಲಾಸ್ಟಿಕ್. ಕೆಳಗಿನ ಅಂಚಿಗೆ ಎಳೆದು ಬಿಗಿ ಮಾಡುವ ದಾರ. ಜೇಬಿನೊಳಗೆ ಮೆತ್ತನೆಯ ಬಟ್ಟೆ, ಮುಷ್ಟಿ ಪೂರ್ತಿ ಮುಳುಗುವಷ್ಟು ಆಳ. ನನ್ನದರಲ್ಲಿ ಪಟ್ಟಿ ಇಲ್ಲ. ತೋಳಿನ ತುದಿ ಗಂಟೆಯ ಹಾಗೆ ಅಗಲ, ಗಾಳಿಗೆ ಬಾಗಿಲು ತೆಗೆದಿಟ್ಟ ಹಾಗೆ. ಜೇಬು? ಜೇಬೇ ಇಲ್ಲ, ಜೇಬಿನ ಆಕಾರದಲ್ಲಿ ಒಂದು ಹೊಲಿಗೆ ಹಾಕಿದ್ದಾರೆ ಅಷ್ಟೇ. ಬೆರಳು ಹಾಕಲು ಹೋಗಿ ಉಗುರು ತಾಗಿದಾಗಲೇ ಗೊತ್ತಾಗಿದ್ದು. 2018ರಲ್ಲಿ ಯಾರೋ ಪುಣ್ಯಾತ್ಮರು ಜೀನ್ಸ್ ಪ್ಯಾಂಟುಗಳ ಮುಂದಿನ ಜೇಬುಗಳನ್ನು ಟೇಪು ಹಿಡಿದು ಅಳೆದರಂತೆ. ಹೆಂಗಸರ ಜೇಬಿನ ಆಳ ಗಂಡಸರದರ ಸುಮಾರು ಅರ್ಧದಷ್ಟೇ ಬಂತು. ಪ್ಯಾಂಟಿನಲ್ಲಿ ಫೋನು ಹಿಡಿಯದಿದ್ದರೆ ಹೋಗಲಿ, ಸಹಿಸಬಹುದು. ಚಳಿಯಲ್ಲಿ ಕೈ ಇಡಲು ಜಾಗ ಇಲ್ಲ ಅಂದರೆ ಅದೇನು ಜಾಕೆಟ್ಟು?

ಅದರಲ್ಲೂ ಕೈ ಜಾಸ್ತಿ ತಣ್ಣಗಾಗುವುದು ನಮಗೇ. ಇದು ನನ್ನ ಕಲ್ಪನೆ ಅಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಅಳತೆ ಮಾಡಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಹೆಂಗಸರ ಮೈಯೊಳಗಿನ ಬಿಸಿ ಗಂಡಸರಿಗಿಂತ ಒಂದು ಎಳೆ ಹೆಚ್ಚೇ ಇತ್ತು, ಆದರೆ ಕೈ ಮಾತ್ರ ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ತಣ್ಣಗಿತ್ತು. ಚಳಿ ಆದಾಗ ದೇಹ ಕೈಕಾಲಿಗೆ ಹೋಗುವ ರಕ್ತ ಕಡಿಮೆ ಮಾಡಿ ಹೊಟ್ಟೆ, ಎದೆಯನ್ನು ಕಾಪಾಡಿಕೊಳ್ಳುತ್ತದೆ. ‘ನಿಂಗೊಬ್ಬಳಿಗೇ ಯಾಕೆ ಇಷ್ಟು ಚಳಿ’ ಅಂತ ಮನೆಯಲ್ಲಿ ಕೇಳಿದಾಗಲೆಲ್ಲ ಈ ಮಾತು ಹೇಳುತ್ತೇನೆ. ಆಫೀಸಿನ ಎಸಿ ಕಥೆಯೂ ಅದೇ. ಎಷ್ಟು ತಂಪಿದ್ದರೆ ಹಿತ ಅನ್ನುವ ಲೆಕ್ಕ ಹಾಕಿದ್ದು 1960ರ ದಶಕದಲ್ಲಿ, ಅದೂ 70 ಕೆಜಿ ತೂಕದ 40 ವರ್ಷದ ಗಂಡಸನ್ನು ಮುಂದಿಟ್ಟುಕೊಂಡು ಅಂತ 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟರು. ಹಾಗಾಗಿ ನಮ್ಮಲ್ಲಿ ಎಷ್ಟೋ ಜನಕ್ಕೆ ಚಳಿಗಾಲ ಅಂದರೆ ಬರೀ ಹೊರಗಿನ ಚಳಿ ಅಲ್ಲ, ಕುರ್ಚಿಗೆ ನೇತುಹಾಕಿದ ಶಾಲು ವರ್ಷಪೂರ್ತಿ ಅಲ್ಲೇ ಇರುತ್ತದೆ.

ಇಷ್ಟೆಲ್ಲ ಆದ ಮೇಲೆ ನಾನು ಬಟ್ಟೆ ಕೊಳ್ಳುವ ರೀತಿಯನ್ನೇ ಬದಲಾಯಿಸಿದೆ. ಮೊದಲು ಕನ್ನಡಿ ನೋಡುತ್ತಿದ್ದೆ, ಈಗ ಮೊದಲು ಬಟ್ಟೆಯನ್ನು ತಿರುವಿಹಾಕುತ್ತೇನೆ. ಒಳಗಿನ ಲೇಬಲ್ ಓದುತ್ತೇನೆ. ಉಣ್ಣೆ ಎಷ್ಟು ಪರ್ಸೆಂಟ್, ಉಳಿದದ್ದೇನು ಅಂತ ಅಲ್ಲಿ ಇರುತ್ತದೆ. ನೂಲಿನ ಉಂಡೆ ಸುತ್ತಿದ ಹಾಗೆ ಕಾಣುವ, ಉಣ್ಣೆಯ ಗುಣಮಟ್ಟ ಸಾರುವ ವುಲ್‌ಮಾರ್ಕ್ ಗುರುತು 1964ರಿಂದ ಇದೆ, ಅದಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಡುತ್ತೇನೆ. ಉಬ್ಬಿ ಮೇಲೆ ಬಂದರೆ ಒಳಗೆ ಗಾಳಿ ಹಿಡಿಯುತ್ತದೆ ಅಂತ ಅರ್ಥ, ಚಪಾತಿಯಂತೆ ಒತ್ತಿಕೊಂಡೇ ಇದ್ದರೆ ಬೇಡ. ಹೊರಗೆ ಹಾಕಿಕೊಳ್ಳುವ ಜಾಕೆಟ್ ಆದರೆ ಒಂದು ಪದರವನ್ನು ಬಾಯಿಗೆ ಹಿಡಿದು ಉಫ್ ಅಂತ ಊದಿ, ಆ ಕಡೆ ಅಂಗೈಗೆ ಗಾಳಿ ತಾಗುತ್ತದಾ ನೋಡುತ್ತೇನೆ. ಅಂಗಡಿಯ ಹುಡುಗರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಯಾಕೆ ಗಾಳಿ ಗಾಳಿ ಅನ್ನುತ್ತಿದ್ದೇನೆ ಅಂದರೆ, ಬಟ್ಟೆಗೆ ಸ್ವಂತ ಬಿಸಿ ಇಲ್ಲ. ಬಿಸಿ ನಮ್ಮ ಮೈಯದು. ಬಟ್ಟೆ ತನ್ನ ಎಳೆಗಳ ನಡುವೆ ಗಾಳಿಯನ್ನು ಅಲುಗಾಡದ ಹಾಗೆ ಹಿಡಿದಿಡುತ್ತದೆ, ಆ ಗಾಳಿ ನಮ್ಮ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಅದಕ್ಕೇ ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಬಟ್ಟೆ ಒಂದರ ಮೇಲೊಂದು ಹಾಕಿಕೊಂಡರೆ ಎಷ್ಟೋ ಸಲ ಹೆಚ್ಚು ಬೆಚ್ಚಗಿರುತ್ತದೆ, ನಡುವೆಯೂ ಒಂದು ಪದರ ಗಾಳಿ ನಿಲ್ಲುತ್ತದಲ್ಲ. ಅದಕ್ಕೇ ಬಿಗಿ ಬಟ್ಟೆಯೂ ಆಗುವುದಿಲ್ಲ. ಮೈಗೆ ಅಂಟಿದ ಸ್ವೆಟರಿನ ಮೇಲೆ ಇನ್ನೂ ಬಿಗಿಯಾದ ಜಾಕೆಟ್ ಹಾಕಿದರೆ ಇದ್ದ ಗಾಳಿಯನ್ನೂ ಹಿಂಡಿ ಹೊರಗೆ ಕಳಿಸಿದಂತೆ. ‘ದಪ್ಪ ಕಾಣದ ಹಾಗೆ’ ಅನ್ನುವ ನಿಮ್ಮ ಸಲಹೆಗೆ ನಾನು ತಕರಾರು ತೆಗೆಯುವುದು ಇಲ್ಲೇ. ಸ್ವಲ್ಪ ದಪ್ಪ ಕಂಡರೇನೇ ಬೆಚ್ಚಗಿರುವುದು! ಕಾಲಿಗೂ ಹಾಗೇ. ಬಿಗಿ ಶೂ ಒಳಗೆ ಎರಡೆರಡು ಸಾಕ್ಸ್ ತುರುಕಿದರೆ ರಕ್ತ ಸರಿಯಾಗಿ ಓಡದೆ ಬೆರಳು ಮತ್ತೂ ತಣ್ಣಗಾಗುತ್ತವೆ.

ಇನ್ನು ಬೆವರು. ಚಳಿಯಲ್ಲಿ ಬೆವರಾ ಅಂತ ನಗಬೇಡಿ. ಬಸ್ಸು ತಪ್ಪುತ್ತದೆ ಅಂತ ಓಡುತ್ತೇವೆ, ಮೆಟ್ಟಿಲು ಹತ್ತುತ್ತೇವೆ, ಮಗು ಎತ್ತಿಕೊಂಡು ನಡೆಯುತ್ತೇವೆ. ಬೆನ್ನು ಒದ್ದೆಯಾಗುತ್ತದೆ, ಆಮೇಲೆ ನಿಂತ ಕೂಡಲೇ ಬೆನ್ನಿಗೆ ತಣ್ಣೀರು ಸವರಿದಂತೆ ಆಗುತ್ತದೆ. ಗಾಳಿಗಿಂತ ನೀರು ಬಿಸಿಯನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ, ಅದು ಕಾರಣ. ಹತ್ತಿ ಬಟ್ಟೆ ಬೆವರನ್ನು ಹೀರಿ ಅಲ್ಲೇ ಇಟ್ಟುಕೊಳ್ಳುತ್ತದೆ, ಒಣಗುವುದು ನಿಧಾನ. ಸೆಕೆಗಾಲದಲ್ಲಿ ಅದು ವರ, ಚಳಿಯಲ್ಲಿ ಮೈಗೆ ತಾಗುವ ಬಟ್ಟೆಗೆ ಅಷ್ಟು ಒಳ್ಳೆಯದಲ್ಲ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದ ಹತ್ತಿರ ತೇವ ಕುಡಿದರೂ ಒದ್ದೆ ಅನ್ನಿಸುವುದಿಲ್ಲ. ಮುಲಾಜಿಲ್ಲದೆ ಇನ್ನೊಂದು ಮಾತು ಹೇಳುತ್ತೇನೆ, ಅಚ್ಚು ಹಾಕಿದರೆ ಹಾಕಿ. ಫೋಮ್ ಇರುವ ಬ್ರಾ ಒಮ್ಮೆ ಬೆವರಿನಲ್ಲಿ ನೆನೆದರೆ ಬೇಗ ಒಣಗುವುದಿಲ್ಲ, ಎದೆಯ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡಂತೆ. ನಡೆಯುವ ಕೆಲಸ ಜಾಸ್ತಿ ಇದ್ದ ದಿನ ಫೋಮ್ ಇಲ್ಲದ್ದು, ಬೇಗ ಒಣಗುವಂಥದ್ದು ಹಾಕಿಕೊಂಡರೆ ಎಷ್ಟೋ ಹಿತ. ಮೇಲಿನ ಸ್ವೆಟರಿಗೆ ಎಷ್ಟೇ ದುಡ್ಡು ಸುರಿದರೂ ಒಳಗಿನದು ಒದ್ದೆ ಇದ್ದರೆ ನಡುಕ ನಿಲ್ಲುವುದಿಲ್ಲ.

ಉಣ್ಣೆ ಚುಚ್ಚುತ್ತದೆ, ನನಗೆ ಅಲರ್ಜಿ ಅಂತ ಬಹಳ ಜನ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಬಹಳ ಸಲ ಅದು ಅಲರ್ಜಿ ಅಲ್ಲ, ಎಳೆ ದಪ್ಪ ಇರುವುದು ಅಷ್ಟೇ. 30 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಎಳೆಗಳ ತುದಿ ಚರ್ಮಕ್ಕೆ ಒತ್ತಿದಾಗ ಬಾಗುವುದಿಲ್ಲ, ಚುಚ್ಚುತ್ತದೆ. ತೆಳು ಎಳೆ ಸುಮ್ನೆ ಬಾಗಿಬಿಡುತ್ತದೆ. ಮೆರಿನೊ ಕುರಿಯ ಒಳ್ಳೆಯ ಉಣ್ಣೆ 17ರಿಂದ 19 ಮೈಕ್ರಾನ್ ಆಸುಪಾಸಿನದು, ಪಶ್ಮೀನಾ ಇನ್ನೂ ತೆಳು. ಬರಿ ಕತ್ತಿಗೆ, ಇಲ್ಲದಿದ್ದರೆ ಮೊಳಕೈಯ ಒಳಮಡಿಕೆಗೆ ಒಂದು ನಿಮಿಷ ತಾಗಿಸಿ ನೋಡಿದರೆ ಗೊತ್ತಾಗುತ್ತದೆ. ಅಂಗೈಯಲ್ಲಿ ಸವರಿ ನೋಡುವುದು ಪ್ರಯೋಜನಕ್ಕೆ ಬರುವುದಿಲ್ಲ, ಅಂಗೈ ಚರ್ಮ ದಪ್ಪ. ಎಲ್ಲರಿಗೂ ಉಣ್ಣೆ ಕೈಗೆಟುಕುವುದಿಲ್ಲ, ಅದೂ ನಿಜ. ಫ್ಲೀಸ್, ಅಂದರೆ ಕೃತಕ ನೂಲಿನ ಮೆತ್ತನೆಯ ಬಟ್ಟೆ, ಕೆಟ್ಟದ್ದೇನಲ್ಲ, ಹಗುರ, ಬೇಗ ಒಣಗುತ್ತದೆ, ಗಾಳಿ ತಡೆಯುವುದಿಲ್ಲ ಅಷ್ಟೇ. ಅದರ ಮೇಲೆ ಗಾಳಿ ತೂರದ ಒಂದು ತೆಳು ಜಾಕೆಟ್ ಇದ್ದರೆ ಸಾಕು. ನನ್ನ ಆ ಕೆನೆ ಬಣ್ಣದ ಅಕ್ರಿಲಿಕ್ಕೂ ಈಗ ಹಾಗೇ ಒಂದರ ಒಳಗೆ ಬಾಳುತ್ತಿದೆ, ಬಿಸಾಡಿಲ್ಲ.

ಟ್ರಯಲ್ ರೂಮಿನಲ್ಲಿ ನೆಟ್ಟಗೆ ನಿಂತು ಕನ್ನಡಿ ನೋಡಿ ಹೊರಗೆ ಬರಬೇಡಿ ಅಂತ ನನ್ನ ತಂಗಿಯರಿಗೆಲ್ಲ ಹೇಳುತ್ತಿರುತ್ತೇನೆ. ಎರಡೂ ಕೈ ಮೇಲೆತ್ತಿ. ಸೊಂಟ ಕಂಡಿತಾ? ಬಗ್ಗಿ ಚಪ್ಪಲಿ ಹಾಕಿಕೊಂಡಂತೆ ಮಾಡಿ. ಬೆನ್ನಿಗೆ ಗಾಳಿ ತಾಗಿತಾ? ಕುಕ್ಕರುಗಾಲಿನಲ್ಲಿ ಕೂತು ಏಳಿ. ಒಳಗೆ ಇನ್ನೊಂದು ಸ್ವೆಟರ್ ಹಾಕಿದರೂ ತೋಳು ಮಡಚಲು ಬರುತ್ತದಾ? ನಮ್ಮ ದಿನ ನಡೆಯುವುದೇ ಹೀಗೆ, ಎತ್ತುವುದು, ಬಗ್ಗುವುದು, ಕೂರುವುದು. ಬೊಂಬೆಯ ಹಾಗೆ ನಿಂತಿರುವುದಕ್ಕೆ ನಮಗೆಲ್ಲಿದೆ ಪುರುಸೊತ್ತು?

ಮೈಮೇಲೆ ಮೂರು ಪದರ ಹಾಕಿ ಕಾಲಿಗೆ ತೆಳು ಲೆಗ್ಗಿಂಗ್ಸ್ ಒಂದೇ ಹಾಕಿಕೊಳ್ಳುವ ಅಭ್ಯಾಸವೂ ನಮ್ಮಲ್ಲಿ ಜಾಸ್ತಿ. ಒಳಗೊಂದು ಥರ್ಮಲ್, ಮೇಲೆ ಸಡಿಲ ಪ್ಯಾಂಟ್ ಇದ್ದರೆ ಕಥೆಯೇ ಬೇರೆ. ತಲೆಯಿಂದಲೇ ಅರ್ಧ ಬಿಸಿ ಹೋಗುತ್ತದೆ ಅನ್ನುವುದು ಮಾತ್ರ ಸುಳ್ಳಂತೆ, ತಲೆಯ ಪಾಲು ಹತ್ತರಲ್ಲಿ ಒಂದರ ಆಸುಪಾಸು. ಹಾಗಂತ ಟೋಪಿ ಬಿಡಬೇಡಿ, ಕಿವಿಗೆ ಚಳಿ ಗೊತ್ತಾಗುವುದಿಲ್ಲವೇ.

ನಮ್ಮ ಅಮ್ಮನ ವಿಷಯ ಹೇಳದೆ ಮುಗಿಸಲಾರೆ. ಭುಜದ ನೋವು, ಕೈ ಮೇಲೆತ್ತಲು ಆಗುವುದಿಲ್ಲ. ತಲೆಯಿಂದ ಇಳಿಸಿಕೊಳ್ಳುವ ಸ್ವೆಟರ್ ಅಂದರೆ ದಿನಾ ಬೆಳಿಗ್ಗೆ ಒಂದು ಕುಸ್ತಿ. ಅರ್ಧ ಹಾಕಿ, ಮುಖ ಒಳಗೆ ಸಿಕ್ಕಿಹಾಕಿಕೊಂಡು, ‘ಏ ಬಾರೇ, ಎಳಿಯೇ’ ಅಂತ ಕೂಗುತ್ತಿದ್ದರು. ಕಡೆಗೆ ಚಳಿ ಇಲ್ಲ ಬಿಡು ಅಂತ ಹಾಗೇ ಕೂತುಬಿಡುತ್ತಿದ್ದರು. ವಯಸ್ಸಾದ ಮೇಲೆ ಚಳಿ ಅಷ್ಟು ಬೇಗ ಗೊತ್ತಾಗುವುದಿಲ್ಲ, ಅದು ಇನ್ನೂ ಅಪಾಯ. ಮುಂದೆ ಬಿಚ್ಚುವಂಥ, ದೊಡ್ಡ ಗುಂಡಿಯ ಸ್ವೆಟರ್ ಹುಡುಕಿ ಸಾಕಾಯಿತು, ಇದ್ದವೆಲ್ಲ ಬಟಾಣಿ ಗಾತ್ರದ ಗುಂಡಿಯವು. ಕೊನೆಗೆ ನಾನೇ ಪುಟ್ಟ ಗುಂಡಿಗಳನ್ನು ಕಿತ್ತು, ಕಾಜ ಅಗಲ ಮಾಡಿ, ಹಳೇ ಕೋಟಿನ ಗುಂಡಿ ಹಚ್ಚಿಕೊಟ್ಟೆ. ಈಗ ಕರೆಯುವುದಿಲ್ಲ, ತಾವೇ ಹಾಕಿಕೊಂಡು ಬಂದು ಕೂರುತ್ತಾರೆ. ಎದೆಹಾಲು ಕುಡಿಸುವ ತಾಯಂದಿರಿಗೂ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮೈ ಕಾದು ಬೆವರಿ, ಮರುಕ್ಷಣ ನಡುಗುವ ನನ್ನಂಥವರಿಗೂ ಮುಂದೆ ಬಿಚ್ಚುವಂಥದ್ದೇ ಬೇಕು. ಇಷ್ಟು ಜನ ಇದ್ದೇವೆ, ಆದರೂ ಫೋಟೋದಲ್ಲಿ ನಾವಿಲ್ಲ.

ಅಂದ ಹಾಗೆ ಉಣ್ಣೆಯನ್ನು ಬಿಸಿನೀರಿನಲ್ಲಿ ಹಾಕಿ ಉಜ್ಜಬೇಡಿ, ಎಳೆಯ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮಗುವಿನ ಅಂಗಿಯಷ್ಟಾಗುತ್ತದೆ. ನನ್ನದೊಂದು ಹಾಗಾಗಿದೆ. ತಣ್ಣೀರು, ಮೆಲ್ಲಗೆ ಹಿಂಡದೆ ಒತ್ತಿ, ಹಾಸಿ ಒಣಗಿಸಿ.

ಸಂಪಾದಕರೇ, ಮುಂದಿನ ಸಲ ಚಳಿಗಾಲದ ಬಟ್ಟೆಯ ಪುಟ ಮಾಡುವಾಗ ಒಂದು ಕೆಲಸ ಮಾಡಿ. ಬಣ್ಣದ ಜೊತೆಗೆ ಪ್ರತಿ ಬಟ್ಟೆಯ ಕೆಳಗೆ ಅದು ಯಾವ ನೂಲಿನದು, ಜೇಬು ಇದೆಯೋ ಇಲ್ಲವೋ, ಮುಂದೆ ಬಿಚ್ಚುತ್ತದೋ ಇಲ್ಲವೋ ಅಂತ ಒಂದು ಸಾಲು ಹಾಕಿ. ಫೋಟೋಗ್ರಾಫರಿಗೆ ಹೇಳಿ ಒಂದು ಬಟ್ಟೆಯನ್ನಾದರೂ ಒಳಗಿನ ಭಾಗ ಮೇಲೆ ಬರುವ ಹಾಗೆ ತಿರುವಿಟ್ಟು ಫೋಟೋ ತೆಗೆಸಿ. ಮತ್ತೆ ಆ ಹುಡುಗಿಗೆ ಝಿಪ್ ಹಾಕಿಕೊಳ್ಳಲು ಬಿಡಿ.

ಇಂತಿ,
ನಿಮ್ಮ ಕಾಯಂ ಓದುಗಾರ್ತಿ